ಕೊನೆಯ ಬೋರು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಯೇ ಆಗಲಿ, 'ಬೋರು ಮಾಡಿಸಬೇಕಾಗಿದೆ' ಎಂದು ಯಾರೊಡನೆಯಾದರೂ ಹೇಳಿ ನೋಡಿ, 'ಎಷ್ಟು ಅಡಿಗೆ?' ಎಂಬ ಪ್ರಶ್ನೆ ಒಡನೆಯೇ ಬರುತ್ತದೆ. ಮಳೆಯನ್ನು ನೆಚ್ಚಿ ಕಡಲೆಕಾಯಿ ಬಿತ್ತುವ, ಕೆರೆ ಒಣಗಿದಾಗ ಕೊಳವೆಬಾವಿಯೊಂದನ್ನೇ ನಂಬಿ ಕುಳಿತುಕೊಳ್ಳುವ ಈ ಸೀಮೆಯಲ್ಲಿ ಆ ಮಾತಿಗೆ ಬೇರೊಂದು ಅರ್ಥ ತೋಚುವುದು ಕಷ್ಟವೇ ಸರಿ. ಆದರೆ ಅದೇ ಊರುಗಳ ಬಸ್ ನಿಲ್ದಾಣದ ಹಿಂದಿನ ಬೀದಿಗಳಲ್ಲಿ, ಎಣ್ಣೆ ಕುಡಿದು ಕಪ್ಪಾದ ನೆಲದ ಗ್ಯಾರೇಜುಗಳಲ್ಲಿ, ಆ ಶಬ್ದಕ್ಕೆ ಮತ್ತೊಂದು ಅರ್ಥವುಂಟು. ಅಲ್ಲಿ ಬೋರಿನ ಆಳವನ್ನು ಯಾರೂ ಕೇಳುವುದಿಲ್ಲ; ಅಗಲವನ್ನು ಕೇಳುತ್ತಾರೆ. ಅದನ್ನು ಅಡಿಗಳಲ್ಲಿ ಅಳೆಯುವುದಿಲ್ಲ. ಮಿಲಿಮೀಟರಿನ ನೂರನೆಯ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಸವೆದುಹೋದ ಇಂಜಿನ್ನಿನ ಸಿಲಿಂಡರನ್ನು ಒಳಗಿನಿಂದ ಹೆರೆದು, ಮತ್ತೆ ದುಂಡಗೆ, ನೆಟ್ಟಗೆ ಮಾಡುವ ಆ ಕೆಲಸಕ್ಕೆ ರೀಬೋರು ಎಂದು ಹೆಸರು.

ಈ ಎರಡನೆಯ ಬೋರಿನ ವಿಚಾರವನ್ನು ನಾನು ತಿಳಿಯಬೇಕಾಗಿ ಬಂದದ್ದು ಸಂತೋಷದ ಸಂದರ್ಭದಲ್ಲೇನೂ ಅಲ್ಲ. ನಮ್ಮ ತಂದೆಯವರು ಶಾಲಾ ಇನ್‌ಸ್ಪೆಕ್ಟರಾಗಿ ಈ ನಾಲ್ಕು ತಾಲ್ಲೂಕುಗಳನ್ನೂ ಸುತ್ತಿದವರು. ಹೊಳವನಹಳ್ಳಿ, ಕೊಡಿಗೇನಹಳ್ಳಿ, ನಾಗಲಮಡಿಕೆಗಳ ಕಡೆಯ ಎಷ್ಟೋ ಊರುಗಳಲ್ಲಿ ಅವರ ಮುಖಕ್ಕಿಂತ ಮೊದಲು ಅವರ ಮೋಟಾರು ಸೈಕಲ್ಲಿನ ಸದ್ದಿನ ಪರಿಚಯವಾಗುತ್ತಿತ್ತು. ಅದು 1979ರಲ್ಲಿ ಕೊಂಡ ಯೆಜ್ಡಿ. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಮಧುಗಿರಿಯಿಂದ ಪಾವಗಡಕ್ಕೆ ಹೊರಟಿದ್ದೆ. ಮಿಡಿಗೇಶಿಯನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ನಿನ ದನಿ ಸಣ್ಣಗಾಯಿತು. ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು. ಮರುಕ್ಷಣದಲ್ಲಿಯೇ ಹಿಂದಿನ ಚಕ್ರ ಬಿಗಿದು ರಸ್ತೆಯ ಮೇಲೆ ಗೀಚುತ್ತ ಜಾರಿತು. ಕ್ಲಚ್ಚಿನ ಹಿಡಿಯನ್ನು ಅದುಮಿದ್ದರಿಂದ ಬಿದ್ದುಹೋಗದೆ ಉಳಿದೆ. ಇಂಜಿನ್ನು ಸೀಜ್ ಆಗಿತ್ತು.

ಮಧುಗಿರಿಯ ಗ್ಯಾರೇಜಿನ ಹುಡುಗ ಸಿಲಿಂಡರನ್ನು ಬಿಚ್ಚಿ, ಒಳಗೆ ಬೆರಳಾಡಿಸಿ, "ಸಾರ್, ಬೋರಿಗೆ ಬಂದುಬಿಟ್ಟಿದೆ. ಕೊಟ್ಟರೆ ನಾಳೆಯೇ ಮಾಡಿಸಿ ತಂದುಬಿಡುತ್ತೇನೆ" ಎಂದ. ನಾನು 'ಹೂಂ' ಎನ್ನುವುದರಲ್ಲಿದ್ದೆ. ಹಾಗೆ ಎಂದಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ತಂದೆಯವರ ಯೆಜ್ಡಿಯೂ ಬಹುಶಃ ಇರುತ್ತಿರಲಿಲ್ಲ.

ಮೈಸೂರಿನ ಯಂತ್ರ

ಈ ಯಂತ್ರದ ಕುಲವನ್ನು ಕುರಿತು ಎರಡು ಮಾತು ಹೇಳಿದರೆ ಮುಂದಿನ ಕಥೆ ಸುಗಮವಾಗುತ್ತದೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲಿನ ಹಕ್ಕನ್ನು ಪಡೆದು ತಯಾರಿಕೆಯನ್ನು ಆರಂಭಿಸಿದ. ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅವರ ಬಾಯಲ್ಲಿ 'ಯಾವಾ', ನಮ್ಮ ಬಾಯಲ್ಲಿ 'ಜಾವಾ'. ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಸಂಸ್ಥೆ ಯಾದವಗಿರಿಯ ಕಾರ್ಖಾನೆಯಲ್ಲಿ ಈ ಬಂಡಿಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1978ರಲ್ಲಿ ರೋಡ್‌ಕಿಂಗ್ ಬಂತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಒದೆಯುವುದಕ್ಕೂ ಗೇರು ಬದಲಾಯಿಸುವುದಕ್ಕೂ ಒಂದೇ ಸನ್ನೆ—ಇವೆರಡು ಆ ಬಂಡಿಯ ಗುರುತುಗಳು. 1996ರಲ್ಲಿ ಕಾರ್ಖಾನೆಯ ತಯಾರಿಕೆ ನಿಂತುಹೋಯಿತು. ಆ ಎರಡು ಹೆಸರುಗಳೂ ಈಚೆಗೆ, ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ, ಮತ್ತೆ ಮಾರುಕಟ್ಟೆಗೆ ಬಂದಿವೆಯಾದರೂ, ಹೊಸ ಬಂಡಿಗಳಲ್ಲಿರುವುದು ನಾಲ್ಕು ಹೊಡೆತದ ಇಂಜಿನ್ನು. ಹಳೆಯದರ ಒಂದು ಬಿಡಿಭಾಗವೂ ಅವಕ್ಕೆ ಹೊಂದುವುದಿಲ್ಲ.

ಒರಟು ನೆಲದ ಮೇಲೆ ಓಡುವ ಶಕ್ತಿ ಈ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದದ್ದು. ಜಾವಾದ ಒಡನಾಡಿಯಾಗಿದ್ದ ಸಿ.ಝಡ್. ಎಂಬ ಜೆಕ್ ಸಂಸ್ಥೆಯ ಎರಡು ಹೊಡೆತದ ಬಂಡಿಯನ್ನೇರಿ ಬೆಲ್ಜಿಯಮ್ಮಿನ ಝೋಯೆಲ್ ರೋಬೇರ್ 1964ರಲ್ಲಿ 250 ಸಿ.ಸಿ. ವರ್ಗದ ಮೋಟೋಕ್ರಾಸ್ ವಿಶ್ವ ಪದವಿಯನ್ನು ಗೆದ್ದ. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಲ್ಲಿ 500 ಸಿ.ಸಿ. ವರ್ಗದಲ್ಲಿ ಗೆದ್ದ. ಕೆಸರು, ಮರಳು, ಕಲ್ಲುಗಳ ಮೇಲಿನ ಆ ಪಂದ್ಯಗಳಿಗೂ ನಮ್ಮ ಪಾವಗಡದ ಹೋಬಳಿಗಳ ಅಂದಿನ ಹಾದಿಗಳಿಗೂ ಒಂದು ವಿಷಯದಲ್ಲಿ ಭೇದವಿರಲಿಲ್ಲ. ಆ ವಿಷಯ ಧೂಳು.

ಕವಾಟವಿಲ್ಲದ ಇಂಜಿನ್ನು

ಬಸ್ಸು ಲಾರಿಗಳ ಇಂಜಿನ್ನಿನಲ್ಲಿ ಗಾಳಿಯನ್ನು ಒಳಗೆ ಬಿಡುವುದಕ್ಕೂ ಹೊಗೆಯನ್ನು ಹೊರಗೆ ಕಳುಹಿಸುವುದಕ್ಕೂ ಪ್ರತ್ಯೇಕ ಕವಾಟಗಳಿರುತ್ತವೆ. ಎರಡು ಹೊಡೆತದ ಈ ಇಂಜಿನ್ನಿನಲ್ಲಿ ಅವು ಇಲ್ಲ. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಎಂಬಾತ 1891ರ ಸುಮಾರಿಗೆ ರೂಪಿಸಿದ ಉಪಾಯವಿದು. ಸಿಲಿಂಡರಿನ ಗೋಡೆಯಲ್ಲಿಯೇ ಕಿಟಕಿಗಳಂತಹ ರಂಧ್ರಗಳಿರುತ್ತವೆ. ಅವಕ್ಕೆ ಪೋರ್ಟುಗಳೆಂದು ಹೆಸರು. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ತನ್ನ ಮೈಯಿಂದಲೇ ಅವುಗಳನ್ನು ಮುಚ್ಚುತ್ತದೆ, ತೆರೆಯುತ್ತದೆ. ಅದು ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಪೆಟ್ರೋಲು ಬೆರೆತ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಇಳಿಯುವಾಗ ಆ ಗಾಳಿ ಒತ್ತಲ್ಪಟ್ಟು, ಗೋಡೆಯ ಕಿಟಕಿಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ಹೀಗಾಗಿ ಇಲ್ಲಿ ಸಿಲಿಂಡರೆಂದರೆ ಬರಿಯ ಕೊಳವೆಯಲ್ಲ. ಅದೇ ಗೋಡೆ, ಅದೇ ಬಾಗಿಲು.

ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಗಾಳಿಯೇ ಓಡಾಡುವುದರಿಂದ ಅಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲ. ಆದುದರಿಂದ ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಬೆರೆಸಬೇಕು. ನಮ್ಮ ತಂದೆಯವರ ಲೆಕ್ಕ ಲೀಟರಿಗೆ 40 ಮಿಲಿಲೀಟರು. ಪಿಸ್ಟನ್ನಿಗೂ ಗೋಡೆಗೂ ನಡುವೆ ಉಳಿಯುವುದು ಆ ಎಣ್ಣೆಯ ತೆಳುವಾದ ಪದರವೊಂದೇ. ಗಾಳಿ ಶೋಧಕ ಹರಿದಿದ್ದರೆ ರಸ್ತೆಯ ಧೂಳು ಒಳಕ್ಕೆ ಬಂದು ಆ ಎಣ್ಣೆಯೊಡನೆ ಕಲೆತು ಸಾಣೆಯ ಹಿಟ್ಟಾಗಿ ಪರಿಣಮಿಸುತ್ತದೆ. ರಿಂಗುಗಳು ಉಜ್ಜುವ ಮೇಲ್ಭಾಗದಲ್ಲಿ ಸವೆತ ಹೆಚ್ಚು, ತಳದಲ್ಲಿ ಕಡಿಮೆ. ಪಿಸ್ಟನ್ ಒರಗುವ ಹಿಂದು ಮುಂದಿನ ದಿಕ್ಕಿನಲ್ಲಿ ಹೆಚ್ಚು, ಅಡ್ಡಡ್ಡಲಾಗಿ ಕಡಿಮೆ. ಹೀಗೆ ದುಂಡಗಿದ್ದ ಸಿಲಿಂಡರು ಕಾಲಕ್ರಮದಲ್ಲಿ ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ, ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒದ್ದರೆ ಹತ್ತದಿರುವುದು, ಏರಿನಲ್ಲಿ ಸೋಲುವುದು, ತಣ್ಣಗಿರುವಾಗ ಟಕಟಕ ಸದ್ದು—ಇವೆಲ್ಲ ಅದರ ಲಕ್ಷಣಗಳು.

"ಪಿಸ್ಟನ್ ಎಲ್ಲಿ?"

ಹುಡುಗನಿಗೆ ಉತ್ತರ ಕೊಡುವ ಮುನ್ನ ನೆರೆಯವರೊಬ್ಬರು, "ಸಿರಾಕ್ಕೆ ಹೋಗಿ, ಅಲ್ಲಿ ಹಳಬರೊಬ್ಬರಿದ್ದಾರೆ" ಎಂದರು. 1687ರಲ್ಲಿ ಮೊಗಲರ ಸುಬೆಯ ರಾಜಧಾನಿಯಾದ ಸಿರಾ ಇಂದು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಲಾರಿಗಳು ನಿಲ್ಲುವ ಕಡೆ ಲೇತು ಯಂತ್ರಗಳೂ ನೆಲೆಸುವುದು ಸಹಜ. ಸಿಲಿಂಡರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಅಂಗಡಿಯ ಮೇಸ್ತ್ರಿಗಳಿಗೆ ಎಪ್ಪತ್ತರ ಮೇಲೆ ವಯಸ್ಸು. ಕನ್ನಡಕವನ್ನು ಹಣೆಗೇರಿಸಿ ಸಿಲಿಂಡರನ್ನು ಬೆಳಕಿಗೆ ಹಿಡಿದು ನೋಡಿದರು. "ಪಿಸ್ಟನ್ ಎಲ್ಲಿ?" ಎಂದರು.

"ಬೋರು ಆದ ಮೇಲೆ ಅದರ ಅಳತೆಗೆ ಸರಿಯಾಗಿ ತರೋಣವೆಂದಿದ್ದೆ."

"ಕಾಲನ್ನು ನೋಡದೆ ಜೋಡು ಹೊಲಿಯುವುದುಂಟೇ ಸ್ವಾಮಿ? ಹೊಸ ಪಿಸ್ಟನ್ ತನ್ನಿ. ಸೀಜ್ ಆದ ಹಳೆಯದನ್ನೂ ತನ್ನಿ. ಪ್ಲಗ್ಗನ್ನು ಒರೆಸದೆ ಹಾಗೆಯೇ ತನ್ನಿ."

ಈ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಲಿಂಡರು ಬೀಡುಕಬ್ಬಿಣದ್ದು. 65 ಮಿಲಿಮೀಟರು ಅಗಲದ ಪಿಸ್ಟನ್ 100 ಡಿಗ್ರಿ ಕಾದರೆ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ; ಅಷ್ಟೇ ಕಾದ ಕಬ್ಬಿಣ ಹಿಗ್ಗುವುದು ಸುಮಾರು 0.07 ಮಾತ್ರ. ಇವೆರಡರ ಅಂತರವಾದ 0.06 ಮಿ.ಮೀ. ಒಂದು ತಲೆಗೂದಲಿನ ದಪ್ಪ. ತಣ್ಣಗಿರುವಾಗಲೇ ಅಷ್ಟು ಸಡಿಲವನ್ನು ಬಿಟ್ಟಿರದಿದ್ದರೆ, ಕಾದ ಪಿಸ್ಟನ್ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಹೆಚ್ಚು ಬಿಟ್ಟರೆ ಓಲಾಡಿ ಬಡಿಯುತ್ತದೆ. ಇಷ್ಟು ನವಿರಾದ ಲೆಕ್ಕವನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ನಂಬಿ ಮಾಡುವಂತಿಲ್ಲ. ಆ ಅಂಕಿ ಪಿಸ್ಟನ್ನಿನ ಅಳತೆಯೋ, ಅದು ಹೋಗಿ ಕೂರಬೇಕಾದ ಸಿಲಿಂಡರಿನ ಅಳತೆಯೋ ಎಂಬುದು ತಯಾರಕರನ್ನು ಅವಲಂಬಿಸಿದ್ದು. ಆದುದರಿಂದ ಬೋರಿನ ಮೊದಲ ನಿಯಮ: ಪಿಸ್ಟನ್ನನ್ನು ಕೈಯಲ್ಲಿ ಹಿಡಿದು, ಅದನ್ನೇ ಅಳೆದು, ಅದಕ್ಕೆ ತಕ್ಕಂತೆ ಸಿಲಿಂಡರನ್ನು ಕೊರೆಯತಕ್ಕದ್ದು.

ಮೇಸ್ತ್ರಿಗಳು ಬೋರ್ ಗೇಜನ್ನು ಇಳಿಬಿಟ್ಟು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡೆರಡು ದಿಕ್ಕಿನಲ್ಲಿ ಅಳೆದರು. ಸವೆಯದ ತಳಭಾಗ 65.75; ಮೇಲೆ ಹಿಂದು ಮುಂದಾಗಿ 65.88, ಅಡ್ಡಲಾಗಿ 65.84. ಸವೆತ 0.13, ಮೊಟ್ಟೆಯಾಕಾರ 0.04. ಗೀರುಗಳೂ ಬಿದ್ದಿವೆ. ಬೋರು ಮಾಡಲೇಬೇಕೆಂಬುದರಲ್ಲಿ ಸಂದೇಹವಿರಲಿಲ್ಲ.

ಆದರೆ ಈ ಅಂಕಿಗಳಲ್ಲಿ ಬೇರೊಂದು ಸುದ್ದಿಯೂ ಇತ್ತು. ಯೆಜ್ಡಿಯ ಸಿಲಿಂಡರಿನ ಮೂಲ ಅಗಲ 65 ಮಿ.ಮೀ., ಪಿಸ್ಟನ್ನಿನ ಓಟ 75. ಬೋರನ್ನು ಸಾಮಾನ್ಯವಾಗಿ ಕಾಲು ಕಾಲು ಮಿಲಿಮೀಟರಿನ ಮೆಟ್ಟಿಲಿನಲ್ಲಿ ಏರಿಸುತ್ತಾರೆ: 65.25, 65.50, 65.75, 66. ಅಂದರೆ ಮೂರು ಮೆಟ್ಟಿಲುಗಳು ಆಗಲೇ ಮುಗಿದಿದ್ದವು.

"ಇನ್ನೊಂದೇ ಉಳಿದಿದೆ," ಎಂದರು ಮೇಸ್ತ್ರಿಗಳು. "ಗೋಡೆ ತೆಳುವಾಗುವುದು ಆಮೇಲಿನ ಮಾತು, ಅದಕ್ಕೆ ಮುಂಚೆ ಅಂಗಡಿಯಲ್ಲಿ ಪಿಸ್ಟನ್ ಸಿಕ್ಕುವುದು ನಿಲ್ಲುತ್ತದೆ. ಇದನ್ನು ಕೆಡಿಸಿಕೊಂಡರೆ ಸ್ಲೀವು ಹಾಕಿಸಬೇಕು. ಎರಡು ಹೊಡೆತದ ಇಂಜಿನ್ನಿಗೆ ಸ್ಲೀವೆಂದರೆ ಕಿಟಕಿಗಳನ್ನೆಲ್ಲ ಹೊಸದಾಗಿ ಕಡಿಯಬೇಕು. ಒಂದು ಕಿಟಕಿ ಒಂದು ಮಿಲಿಮೀಟರು ಹೆಚ್ಚು ಕಡಿಮೆಯಾದರೂ ಇಂಜಿನ್ನಿನ ಗುಣವೇ ಬೇರೆಯಾಗುತ್ತದೆ."

ಸಾಬೂನು ನೊರೆಯ ಸಾಕ್ಷಿ

ಹಳೆಯ ಪಿಸ್ಟನ್ನನ್ನು ಅವರು ಜಾತಕದಂತೆ ಓದಿದರು. ಎಣ್ಣೆಯಿಲ್ಲದೆ ಸೀಜ್ ಆಗಿದ್ದರೆ ಸುತ್ತಲೂ ಉಜ್ಜಿದ ಗುರುತಿರಬೇಕಾಗಿತ್ತು. ಇಲ್ಲಿ ಹೊಗೆಕೊಳವೆಯ ಕಡೆಯಲ್ಲಿಯೇ ಹೆಚ್ಚಾಗಿತ್ತು. ಪ್ಲಗ್ಗಿನ ಮೂತಿ ಕಂದಾಗಿರಬೇಕಾದದ್ದು ಬೂದಿಯಂತೆ ಬೆಳ್ಳಗಿತ್ತು. "ಎಲ್ಲಿಂದಲೋ ಕಳ್ಳಗಾಳಿ ಒಳಗೆ ಬರುತ್ತಿದೆ. ಪೆಟ್ರೋಲು ಸಾಲದೆ, ಅದರ ಸಂಗಡ ಬರುವ ಎಣ್ಣೆಯೂ ಸಾಲದೆ, ಕಾವು ಏರಿ ಕಚ್ಚಿದೆ. ಆ ಕಳ್ಳನನ್ನು ಹಿಡಿದು ಬನ್ನಿ, ಅಲ್ಲಿಯವರೆಗೆ ಬೋರು ಮಾಡುವುದಿಲ್ಲ" ಎಂದುಬಿಟ್ಟರು. ಬಂದ ಹಣವನ್ನು ಬೇಡವೆಂದು, ಇದ್ದ ಕೆಲಸವನ್ನು ಹಿಂದಕ್ಕೆ ಕಳುಹಿಸಿದ ಅಂಗಡಿಕಾರರನ್ನು ನಾನು ಕಂಡದ್ದು ಅದೇ ಮೊದಲು. ಬೇಸರವಾಯಿತೆಂಬುದನ್ನು ಮರೆಮಾಚುವುದಿಲ್ಲ.

ಮಧುಗಿರಿಗೆ ಮರಳಿ, ಅವರು ಹೇಳಿದಂತೆಯೇ ಹಳೆಯ ಪಿಸ್ಟನ್ನು ಸಿಲಿಂಡರುಗಳನ್ನು ತಾತ್ಕಾಲಿಕವಾಗಿ ಕೂರಿಸಿದೆವು. ಎರಡು ಹೊಗೆದಾರಿಗಳಿಗೂ ಕಾರ್ಬೊರೇಟರಿನ ಬಾಯಿಗೂ ರಬ್ಬರಿನ ಬಿರಡೆ ಬಿಗಿದು, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆದು, ಕೀಲು ಕೀಲಿಗೂ ಸಾಬೂನು ನೀರನ್ನು ಹಚ್ಚಿದೆವು. ಸಿಲಿಂಡರಿನ ಬುಡದಲ್ಲಿ ನೊರೆಯಿಲ್ಲ. ಕಾರ್ಬೊರೇಟರಿನ ಬಳಿಯಲ್ಲಿಯೂ ಇಲ್ಲ. ಬಲಗಡೆಯ ಡೈನಮೋವನ್ನು ಬಿಚ್ಚಿ, ಕ್ರ್ಯಾಂಕಿನ ಅಚ್ಚು ಹೊರಬರುವ ಕಡೆ ಹಚ್ಚಿದಾಗ, ಮಕ್ಕಳು ಊದುವ ಗುಳ್ಳೆಗಳಂತೆ ಒಂದರ ಹಿಂದೊಂದು ನೊರೆಯುಕ್ಕಿತು. ಅಲ್ಲಿದ್ದ ರಬ್ಬರಿನ ಆಯಿಲ್ ಸೀಲು ವರ್ಷಗಟ್ಟಲೆ ನಿಂತು ಒಣಗಿ ಬಿರುಕುಬಿಟ್ಟಿತ್ತು. ನಾನು ಬೋರನ್ನಷ್ಟೇ ಮಾಡಿಸಿ ಹೊರಟಿದ್ದರೆ, ಹೊಸ ಪಿಸ್ಟನ್ನೂ ಅದೇ ಏರಿನಲ್ಲಿ, ಅದೇ ಕಾವಿನಲ್ಲಿ ಕಚ್ಚಿಕೊಳ್ಳುತ್ತಿತ್ತು; ಕೊನೆಯ ಮೆಟ್ಟಿಲೂ ಅಲ್ಲಿಗೆ ಮುಗಿಯುತ್ತಿತ್ತು. ಬೆಲೆಯಲ್ಲಿ ಪಿಸ್ಟನ್ನಿನ ಸಮಕ್ಕೆ ನಿಲ್ಲದ ಒಂದು ರಬ್ಬರಿನ ಬಳೆ ಇಷ್ಟು ಅನರ್ಥಕ್ಕೆ ಕಾರಣ!

ಆ ರಾತ್ರಿ ತಂದೆಯವರ ಟಿಪ್ಪಣಿ ಪುಸ್ತಕವನ್ನು ಹುಡುಕಿ ತೆಗೆದೆ. ಪೆಟ್ರೋಲು, ಎಣ್ಣೆ, ಓಡಿದ ದೂರ—ಎಲ್ಲವನ್ನೂ ಶಾಲೆಯ ಹಾಜರಿ ಪುಸ್ತಕದಂತೆ ಬರೆದಿಟ್ಟಿದ್ದರು. ಮೊದಲ ಬೋರು 1987ರಲ್ಲಿ, 41 ಸಾವಿರ ಕಿಲೋಮೀಟರಿಗೆ. ಎರಡನೆಯದು 1994ರಲ್ಲಿ, 79 ಸಾವಿರಕ್ಕೆ. ಮೂರನೆಯದು 1999ರಲ್ಲಿ, 97 ಸಾವಿರಕ್ಕೆ. ಮೊದಲೆರಡು ಬೋರುಗಳು ನಲವತ್ತು ಸಾವಿರದ ಆಸುಪಾಸಿನಲ್ಲಿ ಬಂದಿರಲು, ಮೂರನೆಯದು ಹದಿನೆಂಟು ಸಾವಿರಕ್ಕೇ ಬಂದದ್ದೇಕೆ? ಉತ್ತರವೂ ಅಲ್ಲಿಯೇ ಇತ್ತು. 1994ರಲ್ಲಿ ಅವರಿಗೆ ಪಾವಗಡಕ್ಕೆ ವರ್ಗವಾಗಿತ್ತು. 1999ರ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ, 'ಗಾಳಿ ಶೋಧಕ ಹರಿದಿತ್ತು. ನೋಡಿಕೊಂಡಿರಲಿಲ್ಲ. ನನ್ನದೇ ತಪ್ಪು' ಎಂದು ಬರೆದುಕೊಂಡಿದ್ದರು. ಶಾಲೆಗಳ ತಪ್ಪನ್ನು ಹುಡುಕುವುದೇ ಉದ್ಯೋಗವಾಗಿದ್ದವರು ತಮ್ಮ ತಪ್ಪನ್ನು ಹೀಗೆ ದಾಖಲಿಸಿದ್ದನ್ನು ಕಂಡು ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಉಳಿಯ ಕೆಲಸ, ಕಲ್ಲಿನ ಕೆಲಸ

ಎರಡು ವಾರಗಳ ಮೇಲೆ ಹೊಸ ಸೀಲು ಹಾಕಿಸಿ, ಹೊಸ ಪಿಸ್ಟನ್ನನ್ನೂ ರಿಂಗುಗಳನ್ನೂ ಹಿಡಿದು ಮತ್ತೆ ಸಿರಾಕ್ಕೆ ಹೋದೆ. ಮೇಸ್ತ್ರಿಗಳು ಮೊದಲು ಪಿಸ್ಟನ್ನಿನ ಕೆಳಭಾಗವನ್ನು, ಅದರ ಪಿನ್ನಿಗೆ ಅಡ್ಡಲಾದ ದಿಕ್ಕಿನಲ್ಲಿ, ಮೈಕ್ರೋಮೀಟರಿನಿಂದ ಅಳೆದರು: 65.93. ಬಿಡಬೇಕಾದ ಸಡಿಲ 0.07. ಆದುದರಿಂದ ಸಿಲಿಂಡರು ಸರಿಯಾಗಿ 66.00 ಆಗಬೇಕು. ಅದರಲ್ಲಿ 65.94ರವರೆಗೆ ಉಳಿಯಿಂದ ಕೊರೆಯುವುದು, ಉಳಿದ 0.06 ಸಾಣೆಕಲ್ಲಿನ ಪಾಲು. ಈ ಲೆಕ್ಕವನ್ನು ಸೀಮೆಸುಣ್ಣದಿಂದ ಯಂತ್ರದ ಮೈಮೇಲೆ ಬರೆದುಕೊಂಡ ನಂತರವೇ ಅವರು ಗುಂಡಿಯನ್ನು ಒತ್ತಿದರು.

ಲೋಹದ ಸಿಲಿಂಡರನ್ನು ನಿಖರವಾಗಿ ಕೊರೆಯುವ ಕಲೆಗೆ ಎರಡೂವರೆ ಶತಮಾನದ ಇತಿಹಾಸವಿದೆ. ಜೇಮ್ಸ್ ವಾಟನ ಉಗಿಯಂತ್ರ ಕಾಗದದ ಮೇಲಿನಿಂದ ಕಾರ್ಖಾನೆಗೆ ಇಳಿಯುವುದಕ್ಕೆ ಮೊದಲ ಅಡ್ಡಿಯಾಗಿದ್ದುದೇ ದುಂಡಾದ ಸಿಲಿಂಡರಿನ ಅಭಾವ. ಫಿರಂಗಿ ಕೊರೆಯುವುದರಲ್ಲಿ ನಿಪುಣನಾಗಿದ್ದ ಜಾನ್ ವಿಲ್ಕಿನ್ಸನ್ ಆ ತೊಡಕನ್ನು ಬಿಡಿಸಿದ. ಅವನು ಕೊರೆದ 50 ಅಂಗುಲ ಅಗಲದ ಸಿಲಿಂಡರಿನಲ್ಲಿ ಹಳೆಯ ಶಿಲಿಂಗ್ ನಾಣ್ಯದ ದಪ್ಪದಷ್ಟೂ ದೋಷವಿಲ್ಲವೆಂದು ವಾಟನ ಪಾಲುದಾರ ಬೌಲ್ಟನ್ 1776ರಲ್ಲಿ ಹೆಮ್ಮೆಪಟ್ಟುಕೊಂಡ. ಅಂದು ಆ ಹೆಮ್ಮೆ ನ್ಯಾಯವಾದದ್ದು. ಇಂದು ಸಿರಾದ ಹಿಂದುಬೀದಿಯ ಮೇಸ್ತ್ರಿ ಅದಕ್ಕಿಂತ ಎಷ್ಟೋ ಪಟ್ಟು ಸೂಕ್ಷ್ಮವಾಗಿ ಕೊರೆಯುತ್ತಾನೆ.

ಕೊರೆಯುವುದಕ್ಕೆ ಮುಂಚೆ ಕೇಂದ್ರವನ್ನು ಹಿಡಿಯಬೇಕು. ಸವೆದ ಮೇಲ್ಭಾಗವನ್ನು ನಂಬಿದರೆ ಹೊಸ ರಂಧ್ರ ಓರೆಯಾಗುತ್ತದೆ. ಸವೆಯದ ತಳಭಾಗವೇ ಪ್ರಮಾಣ. ಯಂತ್ರದ ಕಂಬಕ್ಕೆ ಸಿಕ್ಕಿಸಿದ ಒಂದೇ ಒಂದು ಪುಟ್ಟ ಉಳಿ ಸುತ್ತುತ್ತ ಸುತ್ತುತ್ತ ಮೆಲ್ಲನೆ ಕೆಳಗಿಳಿಯಿತು. ಬೀಡುಕಬ್ಬಿಣವನ್ನು ಕೊರೆಯುವಾಗ ಎಣ್ಣೆಯನ್ನಾಗಲಿ ನೀರನ್ನಾಗಲಿ ಬಿಡುವುದಿಲ್ಲ, ಸುರುಳಿಯೂ ಬರುವುದಿಲ್ಲ, ಕಾಡಿಗೆಯಂತಹ ಕಪ್ಪುಪುಡಿ ಉದುರುತ್ತದೆ. ಆ ಪುಡಿ ನನ್ನ ಅಂಗೈಯಲ್ಲಿ ಒಂದು ಚಮಚದಷ್ಟೂ ಇರಲಿಲ್ಲ. ಮೈಸೂರಿನಲ್ಲಿ ಎರಕ ಹೊಯ್ದ ಆ ಕಬ್ಬಿಣ ಇನ್ನು ಮರಳಿ ಸಿಲಿಂಡರಿಗೆ ಸೇರುವ ಮಾರ್ಗವಿಲ್ಲ.

ಕೊರೆದಾದ ಮೇಲೆ ಮೇಸ್ತ್ರಿಗಳು ಅಳೆಯಲಿಲ್ಲ, ಚಹಾ ತರಿಸಿದರು. ಸಿಲಿಂಡರು 20 ಡಿಗ್ರಿ ಬೆಚ್ಚಗಿದ್ದರೆ ಗೇಜು ಸುಮಾರು 0.014 ಮಿ.ಮೀ. ಹೆಚ್ಚು ತೋರಿಸುತ್ತದೆ. ಬಿಸಿಯಲ್ಲಿ ಅಳೆದು ಸರಿಯೆಂದುಕೊಂಡದ್ದು ತಣ್ಣಗಾದಾಗ ಬಿಗಿಯಾಗಿರುತ್ತದೆ. "ಅವಸರದವನು ಇಲ್ಲಿಯೇ ಕೆಡುವುದು" ಎಂದರು. ಆಮೇಲೆ ಹೋನಿಂಗ್. ಸಾಣೆಕಲ್ಲಿನ ಪಟ್ಟಿಗಳು ತಿರುಗುತ್ತ, ಸೀಮೆಎಣ್ಣೆಯಲ್ಲಿ ತೊಯ್ಯುತ್ತ, ಮೇಲೆ ಕೆಳಗೆ ಆಡಿದಾಗ ಗೋಡೆಯ ಮೇಲೆ ಚಾಪೆಯ ನೇಯ್ಗೆಯಂತಹ ಅಡ್ಡಗೆರೆಗಳು ಮೂಡಿದವು. ಕನ್ನಡಿಯಂತೆ ಹೊಳೆಯುವ ಗೋಡೆ ಒಳ್ಳೆಯದೆಂದು ತಿಳಿಯುವವರುಂಟು, ಅದು ತಪ್ಪು. ಆ ಸಣ್ಣ ಗೆರೆಗಳಲ್ಲಿಯೇ ಎಣ್ಣೆ ನಿಲ್ಲುವುದು. ಅವುಗಳ ಮೇಲೆ ಉಜ್ಜಿಕೊಂಡೇ ಹೊಸ ರಿಂಗುಗಳು ಗೋಡೆಗೆ ಹೊಂದಿಕೊಳ್ಳುವುದು.

ಎಲ್ಲ ಸಿಲಿಂಡರುಗಳೂ ಈ ಚಿಕಿತ್ಸೆಗೆ ಒಳಪಡುವವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ಎನ್‌ಫೀಲ್ಡ್ ಫ್ಯೂರಿಯ ಸಿಲಿಂಡರಿಗೆ ಸ್ಲೀವಿನ ಬದಲು ಗಟ್ಟಿ ಕ್ರೋಮಿಯಂ ಲೇಪವಿತ್ತು. ಇಂದಿನ ಮೋಟೋಕ್ರಾಸ್ ಬಂಡಿಗಳ ಅಲ್ಯೂಮಿನಿಯಂ ಸಿಲಿಂಡರುಗಳಿಗೂ ಒಳಗೆ ಗಟ್ಟಿಲೇಪವಿರುತ್ತದೆ. ಅವುಗಳನ್ನು ಕೊರೆದರೆ ಲೇಪವೇ ಹೋಗುತ್ತದೆ. ಮತ್ತೆ ಲೇಪಿಸಬೇಕು, ಇಲ್ಲವೇ ಹೊಸದನ್ನು ಕೊಳ್ಳಬೇಕು. ಹಳೆಯ ಬೀಡುಕಬ್ಬಿಣ ಬೇಗ ಸವೆಯುತ್ತದೆ ನಿಜ. ಆದರೆ ನಾಲ್ಕು ಸಲ ಮರುಹುಟ್ಟು ಪಡೆಯುವ ಅವಕಾಶ ಅದಕ್ಕುಂಟು.

ಕಿಟಕಿಯ ಅಂಚು

ಕೊರೆದ ಸಿಲಿಂಡರಿನ ಕಿಟಕಿಗಳ ಅಂಚು ಚಾಕುವಿನಂತೆ ಹರಿತವಾಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ರಿಂಗು ಅದಕ್ಕೆ ತಗುಲಿ ಮುರಿಯುತ್ತದೆ. ಮುರಿದ ಚೂರು ಎಲ್ಲವನ್ನೂ ಹಾಳುಮಾಡುತ್ತದೆ. ಮೇಸ್ತ್ರಿಗಳು ಸಣ್ಣ ಕಲ್ಲಿನಿಂದ ಪ್ರತಿಯೊಂದು ಅಂಚನ್ನೂ ಕೈಯಿಂದಲೇ ಮಂದವಾಗಿಸಿ, ಬೆರಳಾಡಿಸಿ ನೋಡಿದರು. ಇದಕ್ಕೆ ಯಾವ ಯಂತ್ರವೂ ಇರಲಿಲ್ಲ. ರಿಂಗು ತಿರುಗಿ ಅದರ ತುದಿ ಕಿಟಕಿಯೊಳಕ್ಕೆ ಚಿಮ್ಮಬಾರದೆಂದು ಪಿಸ್ಟನ್ನಿನ ಗಾಡಿಯಲ್ಲಿ ಚಿಕ್ಕದೊಂದು ಗೂಟವಿರುತ್ತದೆ. ರಿಂಗಿನ ಬಾಯಿ ಅದಕ್ಕೆ ಸರಿಯಾಗಿ ಕೂರಬೇಕು. ರಿಂಗನ್ನು ಬರಿಯ ಸಿಲಿಂಡರಿನಲ್ಲಿ ನೆಟ್ಟಗಿಟ್ಟು ಅದರ ಬಾಯಿಯ ಬಿರುಕನ್ನೂ ಅಳೆದರು. ಕಾಲು ಮಿಲಿಮೀಟರಿನ ಸುಮಾರಿಗಿತ್ತು. ಆ ಬಿರುಕಿಲ್ಲದಿದ್ದರೆ ಕಾದ ರಿಂಗಿಗೆ ಹಿಗ್ಗಲು ಎಡೆಯಿಲ್ಲದೆ ಗೋಡೆಯನ್ನು ಹೆರೆಯುತ್ತದೆ.

"ಮನೆಗೆ ಹೋಗಿ ಬಿಸಿನೀರಿನಲ್ಲಿ ಸಾಬೂನು ಹಾಕಿ ತೊಳೆಯಿರಿ. ಪೆಟ್ರೋಲಿನಲ್ಲಿ ತೊಳೆದರೆ ಸಾಲದು. ಸಾಣೆಯ ಪುಡಿ ಗೆರೆಗಳಲ್ಲಿ ಉಳಿಯುತ್ತದೆ. ಬಿಳಿಯ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗಿಯೇ ಇರುವವರೆಗೆ ಒರೆಸಿ. ಕೂಡಲೆ ಎಣ್ಣೆ ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ." ಇದು ಅವರ ಕಡೆಯ ಉಪದೇಶ. ಮನೆಯಲ್ಲಿ ನಾಲ್ಕು ಸಲ ತೊಳೆದ ಮೇಲೆಯೂ ಬಟ್ಟೆಗೆ ಬೂದು ಬಣ್ಣ ಬರುತ್ತಿತ್ತು. ಏಳನೆಯ ಸಲಕ್ಕೆ ಬಿಳಿಯಾಗಿ ಉಳಿಯಿತು.

ನಿಧಾನದ ಸಾವಿರ ಕಿಲೋಮೀಟರು

ಪಿಸ್ಟನ್ನಿನ ತಲೆಯ ಮೇಲಿನ ಬಾಣವನ್ನು ಹೊಗೆಕೊಳವೆಗಳ ಕಡೆಗೆ ತಿರುಗಿಸಿ, ಹೊಸ ಗ್ಯಾಸ್ಕೆಟ್ಟು ಹಾಕಿ ಇಂಜಿನ್ನನ್ನು ಕೂಡಿಸಿದೆವು. ಮೂರನೆಯ ಒದೆತಕ್ಕೆ ಹತ್ತಿತು. ಆ ಸದ್ದನ್ನು ಕೇಳಿ ನಮ್ಮ ತಾಯಿಯವರು ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಏನೂ ಹೇಳಲಿಲ್ಲ, ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದರು.

ಬೋರಾದ ಇಂಜಿನ್ನು ಬಾಣಂತಿಯಿದ್ದ ಹಾಗೆ. ಮೊದಲ ದಿನಗಳ ಪಥ್ಯ ಅದರ ಮುಂದಿನ ಆಯುಷ್ಯವನ್ನು ನಿರ್ಣಯಿಸುತ್ತದೆ. ಮೊದಲು ಕೆಲವು ನಿಮಿಷ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಮತ್ತೆ ಓಡಿಸಬೇಕು. ಮೊದಲ ಐನೂರರಿಂದ ಸಾವಿರ ಕಿಲೋಮೀಟರಿನವರೆಗೆ ಪೂರ್ಣ ವೇಗ ಕೂಡದು. ಆದರೆ ಹೆಚ್ಚಿನ ಗೇರಿನಲ್ಲಿ ನಿಧಾನವಾಗಿ ಎಳೆಸಿ ಇಂಜಿನ್ನನ್ನು ಗೋಳಾಡಿಸುವುದೂ ಕೂಡದು. ಇಳಿಜಾರಿನಲ್ಲಿ ಥ್ರಾಟಲನ್ನು ಪೂರ್ತಿ ಮುಚ್ಚಿ ಬಹಳ ದೂರ ಬರಬಾರದು. ಪೆಟ್ರೋಲು ಬಾರದಿದ್ದರೆ ಎಣ್ಣೆಯೂ ಬಾರದು. ನಾನು ಮಧುಗಿರಿಯಿಂದ ಕೊರಟಗೆರೆಗೆ, ಅಲ್ಲಿಂದ ಸಿದ್ಧರಬೆಟ್ಟದ ಕಡೆಗೆ, ಮರುದಿನ ಸಿರಾಕ್ಕೆ—ಹೀಗೆ ಬೆಳಗಿನ ತಂಪಿನಲ್ಲಿ ಸುತ್ತಿದೆ. ಬೆನ್ನ ಹಿಂದೆ ಮಧುಗಿರಿಯ ಒಂಟಿಕಲ್ಲಿನ ಬೆಟ್ಟ ಮೆಲ್ಲಮೆಲ್ಲನೆ ಚಿಕ್ಕದಾಗುತ್ತಿತ್ತು. ಹಿಂದೆಂದೂ ಅದನ್ನು ನಾನು ಅಷ್ಟು ಹೊತ್ತು ನೋಡಿರಲಿಲ್ಲ.

ಕೊನೆಗೆ ಪಾವಗಡದ ಹಾದಿಗೂ ಹೋದೆ. ತಂದೆಯವರು ಧೂಳು ಕುಡಿದ ಆ ಹಾದಿಗಳಲ್ಲಿ ಎಷ್ಟೋ ಭಾಗಕ್ಕೆ ಇಂದು ಡಾಂಬರು ಬಂದಿದೆ. ತಿರುಮಣಿಯ ಸುತ್ತ 2,050 ಮೆಗಾವ್ಯಾಟಿನ ಸೌರ ಉದ್ಯಾನದ ಫಲಕಗಳು ಕೆರೆಯ ನೀರಿನಂತೆ ಮಿನುಗುತ್ತವೆ. ನನ್ನ ಬಂಡಿಯ ಹಿಂದಿನ ನೀಲಿಹೊಗೆ ಅಲ್ಲಿ ಹಳೆಯ ಕಾಲದ ವಸ್ತುವೆಂಬುದನ್ನು ಒಪ್ಪಲೇಬೇಕು. ಎರಡು ಹೊಡೆತದ ಇಂಜಿನ್ನು ಒಂದಿಷ್ಟು ಪೆಟ್ರೋಲನ್ನು ಉರಿಸದೆಯೇ ಹೊರಗೆ ಚೆಲ್ಲುತ್ತದೆ; ಹೊಗೆಯ ನಿಯಮಗಳು ಬಿಗಿಯಾದಂತೆ ಅದು ಮರೆಯಾದದ್ದು ಅನ್ಯಾಯವೇನಲ್ಲ. ದಿನನಿತ್ಯದ ಓಡಾಟಕ್ಕೆ ಅದು ಬೇಕೆಂದು ನಾನು ವಾದಿಸುವುದಿಲ್ಲ. ಇರುವುದೊಂದನ್ನು ಸರಿಯಾಗಿ ಉಳಿಸಿಕೊಳ್ಳಬೇಕೆಂಬುದಷ್ಟೇ ನನ್ನ ಮಾತು.

ಸವೆತವನ್ನು ಹೆರೆದು ತೆಗೆಯಬಹುದು. ಹೆರೆದದ್ದನ್ನು ಮರಳಿ ತುಂಬಲಾಗದು. 65ರಿಂದ 66ಕ್ಕೆ ಬಂದ ನನ್ನ ಇಂಜಿನ್ನಿನ ಗಾತ್ರ ಸುಮಾರು 249ರಿಂದ 257 ಸಿ.ಸಿ.ಗೆ ಏರಿದೆ, ಆದರೆ ಅದು ಗಳಿಕೆಯಲ್ಲ, ಖರ್ಚಾದ ಬಂಡವಾಳದ ಲೆಕ್ಕ. ಆದುದರಿಂದ ಬೋರು ಮೊದಲ ಔಷಧವಲ್ಲ, ಕೊನೆಯದು. ಮೊದಲು ಅಳತೆ, ಆಮೇಲೆ ಕಾರಣದ ಶೋಧ, ಅದಕ್ಕೆ ತಕ್ಕ ಪರಿಹಾರ, ಇವೆಲ್ಲ ಆದ ನಂತರವೇ ಉಳಿ. ನೆಲದ ಬೋರಿಗೂ ಈ ಮಾತು ಸಲ್ಲುತ್ತದೆಯೇ ಎಂಬುದನ್ನು ಈ ನಾಲ್ಕು ತಾಲ್ಲೂಕಿನವರಿಗೆ ನಾನು ಹೇಳಬೇಕಾದುದಿಲ್ಲ.

ತಂದೆಯವರ ಪುಸ್ತಕದಲ್ಲಿ ಮೂರನೆಯ ಸಾಲಿನ ಕೆಳಗೆ ನನ್ನ ಅಕ್ಷರದಲ್ಲಿ ನಾಲ್ಕನೆಯ ಸಾಲನ್ನು ಬರೆದೆ: 'ಬೋರು 66.00. ಸಡಿಲ 0.07. ಬಲಗಡೆಯ ಸೀಲು ಹೊಸದು. ಗಾಳಿ ಶೋಧಕ ನೋಡಿದೆ.' ಅದರ ಕೆಳಗೆ ಪುಟದಲ್ಲಿ ಜಾಗವೇನೋ ಬಹಳ ಉಳಿದಿದೆ.